ಬೆಣ್ಣೆಯ ವಾಸನೆ, ಇಲಿಯ ಮೂಗು

ಬಾಯಿಯ ವಿಷಯದಲ್ಲಿ ನಾವು ಬಹಳ ಎಚ್ಚರಿಕೆಯ ಜನ. ಹಾಲು ಒಡೆದಿದೆಯೆ ಎಂದು ನೋಡುತ್ತೇವೆ. ನಿನ್ನೆಯ ಸಾರನ್ನು ಮೂಸುತ್ತೇವೆ. ಅಂಗಡಿಯಿಂದ ತಂದ ಬೇಳೆಯಲ್ಲಿ ಕಲ್ಲು ಹುಡುಕುತ್ತೇವೆ. ಹಿಡಿಸದ ತುತ್ತನ್ನು ಉಗಿದುಬಿಡುವ ಸ್ವಾತಂತ್ರ್ಯವೂ ನಮಗುಂಟು. ಮೂಗಿನ ವಿಷಯದಲ್ಲಿ ಈ ಅನುಕೂಲಗಳಾವುವೂ ಇಲ್ಲ. ನಿಮಿಷಕ್ಕೆ ೧೨ರಿಂದ ೧೬ ಸಲ, ಸಲಕ್ಕೆ ಸುಮಾರು ಅರ್ಧ ಲೀಟರಿನಂತೆ, ದಿನವೊಂದಕ್ಕೆ ಹತ್ತು ಸಾವಿರ ಲೀಟರಿನ ಆಸುಪಾಸು ಗಾಳಿಯನ್ನು ನಾವು ಒಳಗೆ ಎಳೆದುಕೊಳ್ಳುತ್ತೇವೆ. ಇಂಥ ಗಾಳಿ ಬೇಡವೆಂದು ಒಂದು ಹೊತ್ತು ಉಪವಾಸ ಮಾಡೋಣವೆಂದರೆ ಅದೂ ಸಾಧ್ಯವಿಲ್ಲ.

ಈ ಗಾಳಿ ಹೋಗಿ ಮುಟ್ಟುವ ಎಡೆಯನ್ನು ಸ್ವಲ್ಪ ನೆನೆಯಿರಿ. ನಮ್ಮ ಶ್ವಾಸಕೋಶದೊಳಗಿರುವ ಪುಟ್ಟ ಗಾಳಿಗೂಡುಗಳ ಸಂಖ್ಯೆ ೩೦ ಕೋಟಿಗೆ ಕಡಿಮೆಯಿಲ್ಲ. ಅವನ್ನೆಲ್ಲ ಬಿಚ್ಚಿ ಹಾಸಿದರೆ ಏಳೆಂಟು ಚದರದ ಮನೆಯ ನೆಲವನ್ನು ಮುಚ್ಚೀತು. ಆ ಹಾಸಿನ ದಪ್ಪವಾದರೋ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಅಷ್ಟೆ. ಹೊಟ್ಟೆಗೆ ಹೋದ ವಸ್ತು ಜಠರದ ಆಮ್ಲವನ್ನು ದಾಟಿ, ಯಕೃತ್ತಿನ ತಪಾಸಣೆಗೆ ಒಳಗಾಗಿ, ಆಮೇಲೆ ಮೈಗೆಲ್ಲ ಹರಡಬೇಕು. ಉಸಿರಿನೊಡನೆ ಹೋದದ್ದಕ್ಕೆ ಈ ಸುಂಕದ ಕಟ್ಟೆಗಳಿಲ್ಲ. ಆದಕಾರಣ ತಿಂದರೆ ಹೆಚ್ಚೇನೂ ಮಾಡದ ವಸ್ತು ಉಸಿರಾಡಿದಾಗ ಪ್ರಾಣಕ್ಕೇ ಎರವಾಗುವುದುಂಟು.

ಇದು ಬರಿಯ ಊಹೆಯ ಮಾತಲ್ಲ. ದಕ್ಷಿಣ ಕೊರಿಯದಲ್ಲಿ ಚಳಿಗಾಲದ ಒಣಹವೆಯನ್ನು ತಡೆಯಲು ಮನೆಗಳಲ್ಲಿ ನೀರನ್ನು ನವಿರಾದ ಮಂಜಾಗಿ ಹರಡುವ ಯಂತ್ರವನ್ನಿಟ್ಟುಕೊಳ್ಳುವ ರೂಢಿ ಇದೆ. ಆ ನೀರಿನಲ್ಲಿ ಪಾಚಿ, ಕ್ರಿಮಿ ಬೆಳೆಯದಂತೆ ಬೆರೆಸಲು ೧೯೯೪ರಿಂದ ಕೆಲವು ದ್ರವಗಳು ಪೇಟೆಗೆ ಬಂದವು. ಅವುಗಳಲ್ಲಿ ಮುಖ್ಯವಾದದ್ದು ಪಿ.ಎಚ್.ಎಂ.ಜಿ. ಎಂಬ ಕ್ರಿಮಿನಾಶಕ. ನುಂಗಿದರೆ ಅಷ್ಟೇನೂ ಅಪಾಯವಿಲ್ಲ, ಚರ್ಮಕ್ಕೆ ತಾಗಿದರೆ ಅಷ್ಟೇನೂ ತೊಂದರೆಯಿಲ್ಲ ಎಂಬ ತಿಳಿವಳಿಕೆಯ ಮೇಲೆ ಅದನ್ನು ಮಾರಿದರು. ಮಂಜಿನೊಡನೆ ಉಸಿರಾಡಿದರೇನು ಎಂಬ ಪ್ರಶ್ನೆಯನ್ನು ಮಾತ್ರ ಸರಿಯಾಗಿ ಕೇಳಲಿಲ್ಲ. ೨೦೧೧ರ ವಸಂತದಲ್ಲಿ ಸೋಲ್ ನಗರದ ಆಸ್ಪತ್ರೆಯೊಂದಕ್ಕೆ ಬಸುರಿಯರೂ ಬಾಣಂತಿಯರೂ ಒಬ್ಬರ ಹಿಂದೊಬ್ಬರು ಕಾರಣ ತಿಳಿಯದ ಶ್ವಾಸಕೋಶದ ರೋಗದಿಂದ ಬಂದಾಗಲೇ ಗುಟ್ಟು ಬಯಲಾಯಿತು. ಆ ವರ್ಷವೇ ಆ ದ್ರವಗಳನ್ನು ಪೇಟೆಯಿಂದ ತೆಗೆಸಿದರು. ಅಷ್ಟು ಹೊತ್ತಿಗೆ ಆದ ಹಾನಿಯಲ್ಲಿ ಸರ್ಕಾರವೇ ಒಪ್ಪಿಕೊಂಡ ಸಾವುಗಳು ಸಾವಿರವನ್ನು ಮೀರುತ್ತವೆ. ಮಗುವಿನ ತೊಟ್ಟಿಲ ಬಳಿ ಒಳ್ಳೆಯದಾಗಲೆಂದು ಇಟ್ಟ ಯಂತ್ರ ಅದು.

ಹಾಗಾದರೆ ಒಂದು ವಸ್ತು ಉಸಿರಿಗೆ ಕೆಡುಕೋ ಅಲ್ಲವೋ ಎಂಬುದನ್ನು ಮೊದಲೇ ತಿಳಿಯುವ ಬಗೆ ಯಾವುದು? ಬಹುಕಾಲದಿಂದ ನಡೆದುಬಂದ ಬಗೆ ಇಲಿಯದು. ಇಲಿಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಗೊತ್ತಾದ ಪ್ರಮಾಣದಲ್ಲಿ ಆ ವಸ್ತುವಿನ ಆವಿಯನ್ನೋ ತುಂತುರನ್ನೋ ೪ ಗಂಟೆಗಳ ಕಾಲ ಉಸಿರಾಡಿಸುತ್ತಾರೆ. ಆಮೇಲೆ ೧೪ ದಿನ ಕಾದು ನೋಡುತ್ತಾರೆ. ಎಷ್ಟು ಪ್ರಮಾಣಕ್ಕೆ ಅರ್ಧದಷ್ಟು ಇಲಿಗಳು ಸಾಯುತ್ತವೆಯೋ ಆ ಅಂಕಿ ಆ ವಸ್ತುವಿನ ವಿಷಬಲವೆಂದು ಪುಸ್ತಕ ಸೇರುತ್ತದೆ. ಇದು ದುಬಾರಿಯ ಕೆಲಸ, ನಿಧಾನದ ಕೆಲಸ, ನೋಡುವವರ ಮನಸ್ಸಿಗೂ ಹಿತವಲ್ಲದ ಕೆಲಸ. ಬಾಯಿಯ ಮೂಲಕ ಕೊಟ್ಟು ನೋಡುವುದು ಇದಕ್ಕಿಂತ ಬಹು ಸುಲಭ. ಹಾಗಾಗಿ ನುಂಗಿದರೆ ಏನಾಗುವುದೆಂದು ಗೊತ್ತಿರುವ ಸಾವಿರಾರು ರಾಸಾಯನಿಕಗಳ ವಿಷಯದಲ್ಲಿ ಉಸಿರಾಡಿದರೆ ಏನಾಗುವುದೆಂಬ ಮನೆ ಖಾಲಿಯಾಗಿಯೇ ಉಳಿದಿದೆ.

ಈ ಖಾಲಿ ಮನೆಗಳನ್ನು ಲೆಕ್ಕದಿಂದ ತುಂಬಬಹುದೆ, ಕಂಪ್ಯೂಟರಿನಲ್ಲಿ ಒಂದು ಮಾದರಿಯನ್ನು ಕಟ್ಟಿ ಅದರಿಂದ ಉತ್ತರ ಪಡೆಯಬಹುದೆ ಎಂಬುದೇ ಇಂದು ನಾನು ಎತ್ತಿಕೊಂಡಿರುವ ವಿಷಯ. ಬಹುದು ಎಂದು ಬಾಯಿತುಂಬ ಹೇಳುವವರಿದ್ದಾರೆ. ಯಂತ್ರಕ್ಕೆ ಪ್ರಾಣದ ಬೆಲೆ ಏನು ಗೊತ್ತು ಎಂದು ಮೂಗು ಮುರಿಯುವವರೂ ಇದ್ದಾರೆ. ನನಗೆ ಕಂಡಮಟ್ಟಿಗೆ ಇಬ್ಬರ ಮಾತೂ ಅರ್ಧರ್ಧ ಸರಿ. ಯಾವ ಅರ್ಧ ಎಂಬುದನ್ನು ಒಂದು ನಿಜವಾದ ಪ್ರಸಂಗದಿಂದ ತಿಳಿಸುವುದು ಸುಲಭ.

ಅಮೆರಿಕದ ಮಿಸೂರಿ ಸಂಸ್ಥಾನದಲ್ಲಿ (ಹೆಸರು ನಮ್ಮ ಮೈಸೂರಿನ ಹಾಗೆ ಕೇಳಿಸುತ್ತದೆ, ನಂಟೇನೂ ಇಲ್ಲ) ಜಾಸ್ಪರ್ ಎಂಬ ಚಿಕ್ಕ ಊರು. ಅಲ್ಲಿ ಮೆಕ್ಕೆಜೋಳದ ಅರಳು, ಈಗ ಎಲ್ಲರೂ ಪಾಪ್‌ಕಾರ್ನ್ ಎನ್ನುವರಲ್ಲ, ಅದನ್ನು ಮೈಕ್ರೋವೇವ್ ಒಲೆಯಲ್ಲಿ ಅರಳಿಸಿಕೊಳ್ಳಲು ಬರುವಂತೆ ಚೀಲಕ್ಕೆ ತುಂಬುವ ಕಾರ್ಖಾನೆ ಇತ್ತು. ದೊಡ್ಡ ತೊಟ್ಟಿಗಳಲ್ಲಿ ಸೋಯಾ ಎಣ್ಣೆಯನ್ನು ಬಿಸಿಮಾಡಿ, ಉಪ್ಪು ಹಾಕಿ, ಬೆಣ್ಣೆಯ ವಾಸನೆ ಕೊಡುವ ದ್ರವವನ್ನು ಸುರಿದು ಕಲಸುತ್ತಿದ್ದರು. ೨೦೦೦ದ ಮೇ ತಿಂಗಳಲ್ಲಿ ಒಬ್ಬ ವೈದ್ಯರು ಆರೋಗ್ಯ ಇಲಾಖೆಗೆ ಒಂದು ವಿಚಿತ್ರ ಸುದ್ದಿ ತಿಳಿಸಿದರು: ಆ ಒಂದೇ ಕಾರ್ಖಾನೆಯಲ್ಲಿ ಹಿಂದೆ ದುಡಿದಿದ್ದ ಎಂಟು ಮಂದಿಗೆ ಶ್ವಾಸಕೋಶದ ಕಿರುನಾಳಗಳು ಗಾಯಗೊಂಡು, ಗಾಯ ಮಾಯುತ್ತ ನಾಳವೇ ಮುಚ್ಚಿಹೋಗುವ ರೋಗ ಬಂದಿದೆ. ಬಹು ಅಪರೂಪದ ರೋಗ ಅದು. ಮುಚ್ಚಿದ ನಾಳ ಮತ್ತೆ ತೆರೆಯುವುದಿಲ್ಲ. ಎಂಟು ಜನರಲ್ಲಿ ನಾಲ್ವರು ಬೇರೆಯವರ ಶ್ವಾಸಕೋಶವನ್ನು ಜೋಡಿಸಿಕೊಳ್ಳಲು ಸರದಿಯಲ್ಲಿ ಹೆಸರು ಬರೆಸಿ ಕಾದಿದ್ದರು.

ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಅಲ್ಲಿ ಕೆಲಸದಲ್ಲಿದ್ದವರನ್ನು ಪರೀಕ್ಷಿಸಿದರು. ಉಸಿರಿನ ದಾರಿ ಕಟ್ಟಿಕೊಂಡವರ ಸಂಖ್ಯೆ ಸಾಮಾನ್ಯ ಜನರಲ್ಲಿರುವುದಕ್ಕಿಂತ ೩.೩ ಪಟ್ಟು ಇತ್ತು. ಎಂದೂ ಬೀಡಿ ಸಿಗರೇಟು ಮುಟ್ಟದವರಲ್ಲಿ ಸುಮಾರು ೧೧ ಪಟ್ಟು. ಬೊಟ್ಟು ತೋರಿದ್ದು ಬೆಣ್ಣೆಯ ವಾಸನೆಯ ಕಡೆಗೆ, ಅದರಲ್ಲಿದ್ದ ಡೈಅಸಿಟೈಲ್ ಎಂಬ ವಸ್ತುವಿನ ಕಡೆಗೆ. ನಿಮ್ಮ ಮನೆಯ ಬೆಣ್ಣೆಗೆ ಆ ಹಿತವಾದ ಕಂಪು ಬರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಹಾಲನ್ನು ಹುದುಗಿಸುವ ಸೂಕ್ಷ್ಮಜೀವಿಗಳೇ ಅದನ್ನು ಸಣ್ಣ ಪ್ರಮಾಣದಲ್ಲಿ ಉಂಟುಮಾಡುತ್ತವೆ. ತಿನ್ನಲು ನಿರಪಾಯವೆಂದು ಅಮೆರಿಕ ಸರ್ಕಾರ ಒಪ್ಪಿದ್ದ ಪದಾರ್ಥ. ಆ ಒಪ್ಪಿಗೆಯಲ್ಲಿ ಸುಳ್ಳೇನೂ ಇರಲಿಲ್ಲ. ತಿನ್ನಲು ಎಂಬ ಮಾತನ್ನು ಮಾತ್ರ ಎಲ್ಲರೂ ಮರೆತರು.

ಇಲ್ಲಿಂದ ಕಥೆ ಇಲಿಯ ಕಡೆಗೆ ತಿರುಗುತ್ತದೆ. ಡೈಅಸಿಟೈಲನ್ನು ಇಲಿಗಳಿಗೆ ಉಸಿರಾಡಿಸಿ ನೋಡಿದರು. ಅವುಗಳ ಮೂಗಿನ ಒಳಪೊರೆ ಸುಟ್ಟಂತೆ ಕೆಟ್ಟುಹೋಗಿತ್ತು. ದೊಡ್ಡ ಶ್ವಾಸನಾಳಗಳಿಗೂ ಪೆಟ್ಟು ತಗುಲಿತ್ತು. ಆದರೆ ಕೆಲಸಗಾರರ ರೋಗದ ನೆಲೆಯಾದ ಆ ಕಿರುನಾಳಗಳು ಬಹುಮಟ್ಟಿಗೆ ನೆಟ್ಟಗಿದ್ದವು! ಇದನ್ನು ಕಂಡು ಈ ವಸ್ತು ನಿರ್ದೋಷಿ ಎಂದು ವಾದಿಸಲು ಯಾರಿಗಾದರೂ ಆಸೆಯಾದೀತು. ಇಲಿಯ ಸಾಕ್ಷ್ಯ ಒಂದು, ಮನುಷ್ಯರ ಸಾಕ್ಷ್ಯ ಇನ್ನೊಂದು. ಯಾವುದನ್ನು ನಂಬಬೇಕು?

ಗಂಟು ಬಿಚ್ಚಿದ್ದು ಗಣಕಯಂತ್ರ. ಅದು ಹೇಗೆಂದು ಹೇಳುವ ಮುನ್ನ ಮೂಗಿನ ರಚನೆಯ ಬಗ್ಗೆ ಎರಡು ಮಾತು. ಇಲಿಯ ಮೂಗಿನೊಳಗೆ ತೆಳ್ಳನೆಯ ಮೂಳೆಗಳು ಸುರುಳಿ ಸುರುಳಿಯಾಗಿ ಸುತ್ತಿಕೊಂಡಿವೆ. ಗಾಳಿ ಆ ಇಕ್ಕಟ್ಟಿನಲ್ಲಿ ಒದ್ದೆ ಗೋಡೆಗಳನ್ನು ಸವರಿಕೊಂಡೇ ಹೋಗಬೇಕು. ಮೇಲಾಗಿ ಇಲಿ ಮೂಗಿನಿಂದ ಮಾತ್ರ ಉಸಿರಾಡಬಲ್ಲ ಪ್ರಾಣಿ. ನಮ್ಮ ಮೂಗು ಅದಕ್ಕೆ ಹೋಲಿಸಿದರೆ ಹಜಾರ. ಅದೂ ಸಾಲದೆಂದು ಮೂಟೆ ಹೊರುವಾಗ, ಮೆಟ್ಟಿಲು ಹತ್ತುವಾಗ ನಾವು ಬಾಯಿ ತೆರೆದು ಉಸಿರೆಳೆಯುತ್ತೇವೆ. ಡೈಅಸಿಟೈಲ್ ನೀರಿನಲ್ಲಿ ಚೆನ್ನಾಗಿ ಕರಗುವ ವಸ್ತು. ಕರಗುವ ಆವಿ ಒದ್ದೆ ಗೋಡೆ ಸಿಕ್ಕಲ್ಲೆಲ್ಲ ಇಳಿದುಬಿಡುತ್ತದೆ. ಕಾಲುವೆಯ ತಲೆಯಲ್ಲಿರುವ ಗದ್ದೆಗಳು ನೀರನ್ನೆಲ್ಲ ಹೀರಿಕೊಂಡರೆ ಕೊನೆಯ ಗದ್ದೆಗೆ ಏನು ಉಳಿದೀತು? ಇಲಿಯಲ್ಲಿ ಮೂಗೇ ತಲೆಗದ್ದೆ. ಆವಿಯ ಹೆಚ್ಚಿನ ಪಾಲು ಅಲ್ಲೇ ಮುಗಿಯುತ್ತದೆ. ಬಾಯಿಂದ ಉಸಿರೆಳೆಯುವ ಮನುಷ್ಯನಲ್ಲಿ ಆ ತಲೆಗದ್ದೆಯನ್ನು ಬಳಸಿಕೊಂಡು ಹೋಗುವ ಬೇರೊಂದು ಕಾಲುವೆ ತೆರೆದಿದೆ.

ಮಾತಿನಲ್ಲಿ ಇದು ಸುಲಭವಾಗಿ ತಿಳಿಯುತ್ತದೆ. ಆದರೆ ಎಷ್ಟು ಎಂಬುದು ಬೇಕಲ್ಲ? ಅದಕ್ಕೇ ಮಾದರಿ. ಇಲಿಯ ಮತ್ತು ಮನುಷ್ಯನ ಮೂಗಿನ ಒಳಭಾಗದ ಚಿತ್ರಗಳನ್ನು ತೆಗೆದು, ಆ ಟೊಳ್ಳು ಜಾಗವನ್ನು ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಚಿಕ್ಕ ಕೋಣೆಗಳಾಗಿ ಕತ್ತರಿಸುತ್ತಾರೆ. ಒಂದೊಂದು ಕೋಣೆಗೂ ಗಾಳಿಯ ಓಟದ ಸಮೀಕರಣಗಳನ್ನು ಹಚ್ಚುತ್ತಾರೆ. ಈ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ನಾವಿಯೇ ಮತ್ತು ಬ್ರಿಟನ್ನಿನ ಸ್ಟೋಕ್ಸ್ ಬರೆದುಕೊಟ್ಟವು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ನಮ್ಮ ಬೆಂಗಳೂರಿನ ವಿಮಾನ ವಿಜ್ಞಾನಿಗಳು ಲೆಕ್ಕಹಾಕುವುದೂ ಇವುಗಳಿಂದಲೇ. ಮೂಗಿಗೆ ಬಂದಾಗ ಇನ್ನೆರಡು ಲೆಕ್ಕಗಳು ಸೇರುತ್ತವೆ. ಗೋಡೆಗೆ ಇಳಿದ ವಸ್ತುವಿನಲ್ಲಿ ಎಷ್ಟನ್ನು ಅಲ್ಲಿನ ಜೀವಕಣಗಳು ಮುರಿದುಹಾಕುತ್ತವೆ? ಎಷ್ಟನ್ನು ರಕ್ತ ಹೊತ್ತುಕೊಂಡು ಹೋಗುತ್ತದೆ? ಉಳಿದದ್ದು ಮುಂದಿನ ಕೋಣೆಗೆ, ಅಲ್ಲಿಂದ ಗಂಟಲಿಗೆ, ಅಲ್ಲಿಂದ ಕವಲೊಡೆಯುತ್ತ ಹೋಗುವ ನಾಳಗಳಿಗೆ. ನಮ್ಮ ಶ್ವಾಸನಾಳ ಮರದ ಕೊಂಬೆಯಂತೆ ಕವಲೊಡೆಯುತ್ತದಷ್ಟೆ. ಹಾಗೆ ೨೩ ತಲೆಮಾರು ಕವಲೊಡೆಯುತ್ತದೆಂದು ಸ್ವಿಟ್ಜರ್‌ಲೆಂಡಿನ ಎವಾಲ್ಡ್ ವೈಬೆಲ್ ೧೯೬೩ರಲ್ಲೇ ಅಳೆದು ಬರೆದಿಟ್ಟಿದ್ದರು. ಇಂದಿನ ಎಷ್ಟೋ ಮಾದರಿಗಳಿಗೆ ಆ ಅಳತೆಯೇ ಬುನಾದಿ.

ಕನೆಕ್ಟಿಕಟ್ ವಿಶ್ವವಿದ್ಯಾನಿಲಯದ ಜಾನ್ ಮಾರಿಸ್ ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಡೈಅಸಿಟೈಲಿಗೆ ಇಂಥ ಲೆಕ್ಕವನ್ನು ಮಾಡಿ ಪ್ರಕಟಿಸಿದರು. ಸುಮ್ಮನೆ ಮಾಡಲಿಲ್ಲ, ಮೂಗು ಆವಿಗಳನ್ನು ಎಷ್ಟೆಷ್ಟು ಹೀರುತ್ತದೆಂದು ನಿಜವಾಗಿ ಅಳೆದಿದ್ದ ಅಂಕಿಗಳೊಡನೆ ತಮ್ಮ ಮಾದರಿಯನ್ನು ಒರೆಗೆ ಹಚ್ಚಿ, ಆಮೇಲೆ ಪ್ರಶ್ನೆ ಕೇಳಿದರು. ಬಂದ ಉತ್ತರ ಇದು: ಹಗುರವಾದ ಕೆಲಸ ಮಾಡುತ್ತ ಬಾಯಿಯಿಂದ ಉಸಿರಾಡುವ ಮನುಷ್ಯನ ಕಿರುನಾಳಗಳ ಗೋಡೆಗೆ ಇಲಿಯ ಕಿರುನಾಳಗಳಿಗಿಂತ ೪೦ ಪಟ್ಟಿಗೂ ಮೀರಿ ವಿಷ ಮುಟ್ಟಬಹುದು. ಗಾಳಿ ಒಂದೇ, ವಿಷದ ಪ್ರಮಾಣ ಒಂದೇ. ಇಲಿ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ ಪ್ರಶ್ನೆಗೆ ಅದು ತನ್ನ ಮೂಗಿನ ಮಟ್ಟಿಗೆ ಉತ್ತರ ಕೊಟ್ಟಿತ್ತು. ಅದೇ ವರ್ಷ ಬೇರೊಂದು ಗುಂಪಿನವರು ಡೈಅಸಿಟೈಲನ್ನು ಇಲಿಯ ಮೂಗಿಗೆ ತಾಗಿಸದೆ ನೇರವಾಗಿ ಶ್ವಾಸನಾಳಕ್ಕೆ ಹನಿಸಿ ನೋಡಿದರು. ಆಗ ಇಲಿಗೂ ಕೆಲಸಗಾರರ ರೋಗವೇ ಬಂದಿತು.

ಇದು ಒಂದು ಜಾತಿಯ ಮಾದರಿ. ಎಷ್ಟು ವಿಷ ಎಲ್ಲಿಗೆ ಮುಟ್ಟುತ್ತದೆ ಎಂಬ ದಾರಿಲೆಕ್ಕ. ಇನ್ನೊಂದು ಜಾತಿಯದು ಕುಲಗೋತ್ರ ವಿಚಾರಿಸುವ ಮಾದರಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತೇವಲ್ಲವೆ? ರಾಸಾಯನಿಕಗಳಲ್ಲಿಯೂ ಹಾಗೆಯೇ: ಅಣುವಿನ ಕಟ್ಟಡ ಹೋಲುವವು ಗುಣದಲ್ಲಿಯೂ ಹೋಲಬಹುದೆಂಬ ನಂಬಿಕೆಯಿಂದ, ಪರೀಕ್ಷೆಯಾದ ವಸ್ತುಗಳ ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿ, ಪರೀಕ್ಷೆಯಾಗದ ವಸ್ತುವಿನ ಭವಿಷ್ಯ ಕೇಳುತ್ತಾರೆ. ಇದರ ಬೇರು ಹಳೆಯದು. ಅರಿವಳಿಕೆಯ ಔಷಧಗಳ ಬಲ ಅವು ಎಣ್ಣೆಯಲ್ಲಿ ಎಷ್ಟು ಕರಗುತ್ತವೆ ಎಂಬುದನ್ನು ಅನುಸರಿಸಿ ಏರುತ್ತದೆಂದು ಮೇಯರ್ ಮತ್ತು ಓವರ್ಟನ್ ಎಂಬಿಬ್ಬರು ೧೯೦೦ರ ಸುಮಾರಿಗೆ ಬೇರೆಬೇರೆಯಾಗಿ ಕಂಡುಕೊಂಡರು. ೧೯೬೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಕಾರ್ವಿನ್ ಹಾನ್ಷ್ ಆ ದಾರಿಯನ್ನು ಗಣಿತದ ರಾಜಮಾರ್ಗವಾಗಿ ಮಾಡಿದರು.

ಕುಲ ವಿಚಾರಿಸದಿದ್ದರೆ ಏನಾಗುತ್ತದೆಂಬುದಕ್ಕೂ ಬೆಣ್ಣೆಯ ಕಥೆಯಲ್ಲೇ ಉತ್ತರವಿದೆ. ಡೈಅಸಿಟೈಲಿಗೆ ಕೆಟ್ಟ ಹೆಸರು ಬಂದಕೂಡಲೆ ಸುವಾಸನೆ ತಯಾರಿಸುವ ಕೆಲವರು ಅದರ ಬದಲಿಗೆ ಪೆಂಟೇನ್‌ಡೈಓನ್ ಎಂಬುದನ್ನು ಬಳಸತೊಡಗಿದರು. ಡೈಅಸಿಟೈಲಿನಲ್ಲಿ ನಾಲ್ಕು ಇಂಗಾಲದ ಪರಮಾಣುಗಳು, ಇದರಲ್ಲಿ ಐದು. ಉಳಿದಂತೆ ಅಕ್ಕತಂಗಿಯರು. ವಿಷದ ಮೂಲವಾದ ಆ ಜೋಡಿ ಕೊಂಡಿ ಎರಡರಲ್ಲಿಯೂ ಇದೆ. ೨೦೧೨ರಲ್ಲಿ ಪರೀಕ್ಷೆ ಮಾಡಿದಾಗ ತಂಗಿಯ ಗುಣವೂ ಅಕ್ಕನದೇ ಎಂದು ಹೊರಬಿತ್ತು. ಯಾವ ಕುಲಮಾದರಿಯನ್ನು ಕೇಳಿದ್ದರೂ ಕೆಂಪು ದೀಪ ತೋರಿಸುತ್ತಿತ್ತೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಪಟ್ಟಿಯಲ್ಲಿ ಹೆಸರು ಬದಲಾಯಿಸಿದರೆ ಸಾಕೆಂಬ ಆತುರಕ್ಕೆ ಇಂಥ ಒಂದು ಕಡಿವಾಣ ಬೇಕೇ ಬೇಕು.

ಆದರೂ ಈ ಎರಡನೆಯ ಜಾತಿಯನ್ನು ನಾನು ಅಷ್ಟಾಗಿ ನಂಬುವವನಲ್ಲ. ಮದ್ಯಸಾರದಲ್ಲಿ ಎರಡು ಇಂಗಾಲ, ಮೆಥೆನಾಲಿನಲ್ಲಿ ಒಂದು. ಕುಲ ಒಂದೇ, ಆದರೆ ಎರಡನೆಯದನ್ನು ಕುಡಿದವನು ಕಣ್ಣು ಕಳೆದುಕೊಳ್ಳುತ್ತಾನೆ. ಅದಲ್ಲದೆ ಉಣಿಸಲು ಅಂಕಿಗಳೇ ಕಡಿಮೆ. ಇರುವ ಅಂಕಿಗಳಲ್ಲಿ ಬಹುಪಾಲು ಇಲಿಯವು. ಇಲಿಯ ಮೂಗಿನಿಂದ ಬಂದ ಅಂಕಿಯನ್ನು ಉಂಡ ಯಂತ್ರ ಇಲಿಯ ಭವಿಷ್ಯವನ್ನೇ ಹೇಳೀತು. ಬೇವು ಬಿತ್ತಿ ಮಾವು ಬೆಳೆಯಲು ಬರುವುದಿಲ್ಲ.

ದಾರಿಲೆಕ್ಕ ಸರ್ಕಾರದ ಕಚೇರಿಯ ಮೇಜಿನವರೆಗೂ ಬಂದಿದೆ ಎಂಬುದಕ್ಕೆ ನಮಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಕ್ಲೋರೋಥಲೋನಿಲ್ ಎಂಬ ಶಿಲೀಂಧ್ರನಾಶಕವನ್ನು ನಮ್ಮ ರೈತರು ಬಲ್ಲರು. ಕಡಲೆಕಾಯಿಯ ಎಲೆಚುಕ್ಕೆ ರೋಗಕ್ಕೆ, ಆಲೂಗೆಡ್ಡೆಯ ಅಂಗಮಾರಿಗೆ ಅದನ್ನು ಸಿಂಪಡಿಸುವುದುಂಟು. ಉಸಿರಿನಲ್ಲಿ ಅದು ತೀವ್ರವಾಗಿ ಉರಿಸುವ ವಸ್ತು. ಅಮೆರಿಕದ ಪರಿಸರ ರಕ್ಷಣಾ ಇಲಾಖೆಯ ಮುಂದೆ ಪ್ರಶ್ನೆ ಬಂದಿತು: ಇದಕ್ಕೆ ಇಲಿಗಳ ಮೇಲೆ ೯೦ ದಿನಗಳ ಪರೀಕ್ಷೆ ಬೇಕೆ? ಇಲಿಯ ಪೆಟ್ಟಿಗೆಗೆ ಬಿಡುವ ತುಂತುರನ್ನು ನಿಯಮದಂತೆ ಬಹು ನವಿರಾಗಿ ಮಾಡಬೇಕು. ಹೊಲದಲ್ಲಿ ಸಿಂಪಡಿಸುವವನ ಮುಖಕ್ಕೆ ಬರುವ ಹನಿಗಳು ಅದಕ್ಕಿಂತ ಎಷ್ಟೋ ದಪ್ಪ; ಅವು ಮೂಗಿನಲ್ಲೇ, ಹೆಚ್ಚೆಂದರೆ ಗಂಟಲಲ್ಲೇ ಕೂತುಬಿಡುತ್ತವೆ. ಎಲ್ಲೆಲ್ಲಿ ಎಷ್ಟೆಷ್ಟು ಕೂರುತ್ತವೆಂದು ಮನುಷ್ಯನ ಉಸಿರುದಾರಿಯ ಮಾದರಿಯಲ್ಲಿ ಎಣಿಸಿದರು. ಅಷ್ಟು ಪ್ರಮಾಣವನ್ನು ಸಹಿಸುವ ಶಕ್ತಿ ಎಷ್ಟೆಂದು, ಮನುಷ್ಯರ ಉಸಿರುದಾರಿಯ ಜೀವಕಣಗಳನ್ನೇ ಗಾಜಿನ ಬಟ್ಟಲಿನಲ್ಲಿ ಪೊರೆಯಾಗಿ ಬೆಳೆಸಿ, ಅದರ ಮೇಲೆ ಔಷಧಿ ಹಾಕಿ ನೋಡಿದರು. ೨೦೧೮ರ ಡಿಸೆಂಬರಿನಲ್ಲಿ ಹೊರಗಿನ ವಿಜ್ಞಾನಿಗಳ ಮಂಡಲಿಯೊಂದು ಇದನ್ನು ಕೂಲಂಕಷವಾಗಿ ವಿಚಾರಿಸಿತು. ೨೦೨೧ರಲ್ಲಿ ಇಲಾಖೆ ತನ್ನ ಅಪಾಯದ ಅಂದಾಜಿನಲ್ಲಿ ಈ ಲೆಕ್ಕವನ್ನೇ ಬಳಸಿತು.

ಆದರೆ ಇಲ್ಲೊಂದು ಮಾತನ್ನು ಗಮನಿಸಿ. ಯುರೋಪಿನ ಒಕ್ಕೂಟ ಅದೇ ಔಷಧಿಗೆ ೨೦೧೯ರಲ್ಲಿ ಅನುಮತಿ ಮುಂದುವರಿಸಲು ನಿರಾಕರಿಸಿತು. ಅವರ ಚಿಂತೆ ಅಂತರ್ಜಲಕ್ಕೆ ಇಳಿಯುವ ಅದರ ಉಳಿಕೆಗಳು ಮೊದಲಾದ ಬೇರೆ ವಿಷಯಗಳು. ಉಸಿರಿನ ಮಾದರಿ ಉಸಿರಿನ ಪ್ರಶ್ನೆಗಷ್ಟೆ ಉತ್ತರಿಸುತ್ತದೆ; ಬಾವಿಯ ನೀರಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ಮಾದರಿಯಲ್ಲಿರುವ ಮೂಗು ಸಾಮಾನ್ಯವಾಗಿ ಆರೋಗ್ಯವಂತ ದೊಡ್ಡವರದು. ಮಗುವಿನ ಉಸಿರುದಾರಿ ಕಿರಿದು, ಉಸಿರಿನ ವೇಗ ಹೆಚ್ಚು. ಉಬ್ಬಸದವರ ನಾಳಗಳು ಮೊದಲೇ ಬಿಗಿದಿರುತ್ತವೆ. ಮಕ್ಕಳ ಮೂಗಿನ ಚಿತ್ರಗಳಿಂದ ಮಾದರಿ ಕಟ್ಟುವ ಕೆಲಸ ನಡೆದಿದೆ. ಅದು ತುರ್ತಾಗಿ ನಡೆಯಬೇಕಾದ ಕೆಲಸವೂ ಹೌದು.

ಬೆಣ್ಣೆಯ ವಾಸನೆಗೆ ಮತ್ತೆ ಬರೋಣ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ೨೦೧೬ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಡೈಅಸಿಟೈಲ್ ನೂರು ಕೋಟಿ ಪಾಲಿಗೆ ೫ ಪಾಲನ್ನು ಮೀರಬಾರದೆಂದು ಸಲಹೆ ಮಾಡಿತು. ಎಂಟು ಗಂಟೆಗಳ ಕೆಲಸದ ಸರಾಸರಿ ಅದು. ಇದನ್ನು ಕೇಳಿ ಬೆಣ್ಣೆದೋಸೆ ತಿನ್ನುವವರು ಹೆದರಬೇಕಾಗಿಲ್ಲ. ಆದರೆ ಈ ಆವಿ ಹುಟ್ಟುವ ಇನ್ನೊಂದು ಎಡೆ ನಮ್ಮ ನಾಡಿಗೆ ಬಹಳ ಹತ್ತಿರದ್ದು. ಅಮೆರಿಕದ ಟೆಕ್ಸಾಸಿನಲ್ಲಿ ಕಾಫಿ ಹುರಿದು ಪುಡಿಮಾಡಿ, ಅದಕ್ಕೆ ಸುವಾಸನೆಗಳನ್ನೂ ಬೆರೆಸುತ್ತಿದ್ದ ಕಾರ್ಖಾನೆಯೊಂದರ ಇಬ್ಬರು ಕೆಲಸಗಾರರಲ್ಲಿ ೨೦೦೮ರಿಂದ ೨೦೧೨ರ ನಡುವೆ ಅದೇ ಕಿರುನಾಳದ ರೋಗ ಕಂಡುಬಂದಿತು. ಆಮೇಲೆ ಅಲ್ಲಲ್ಲಿ ಅಳೆದು ನೋಡಿದಾಗ, ಯಾವ ಸುವಾಸನೆಯನ್ನೂ ಬೆರೆಸದ ಬರಿಯ ಕಾಫಿ ಬೀಜವನ್ನು ಹುರಿದು ಪುಡಿಮಾಡುವಾಗಲೂ ಡೈಅಸಿಟೈಲ್ ಏಳುತ್ತದೆಂದು ತಿಳಿಯಿತು. ಇಡೀ ಬೀಜಕ್ಕಿಂತ ಪುಡಿಯಿಂದ ಹೆಚ್ಚು ಏಳುತ್ತದೆ.

ಬೀದಿಯ ಮೂಲೆಯ ಕಾಫಿಪುಡಿ ಅಂಗಡಿಗೆ ಹೋಗಿ, ಚಿಕೋರಿ ಎಷ್ಟು ಬೆರೆಸಬೇಕೆಂದು ಹೇಳಿ, ಐದು ನಿಮಿಷ ಆ ಘಮಲಿನಲ್ಲಿ ನಿಂತು ಬರುವ ನಿಮ್ಮ ಲೆಕ್ಕ ಬೇರೆ. ಬೆಳಗಿನಿಂದ ರಾತ್ರಿಯವರೆಗೆ ಕಿರಿದಾದ ಕೋಣೆಯಲ್ಲಿ ಯಂತ್ರದ ಬಾಯಿಗೆ ಬೀಜ ಸುರಿಯುವವನ ಲೆಕ್ಕ ಬೇರೆ. ಅಲ್ಲಿ ಮಾಡಬೇಕಾದದ್ದಕ್ಕೆ ಯಾವ ಕಂಪ್ಯೂಟರೂ ಬೇಕಿಲ್ಲ: ಯಂತ್ರದ ಮೇಲೆ ಗಾಳಿ ಹೊರಗೆಳೆಯುವ ಫ್ಯಾನು, ಪುಡಿಯ ಡಬ್ಬಕ್ಕೆ ಮುಚ್ಚಳ, ಡಬ್ಬದೊಳಕ್ಕೆ ತಲೆ ಬಗ್ಗಿಸಿ ಬಳಿಯದಿರುವುದು. ಲೆಕ್ಕ ಹಾಕಲೇಬೇಕೆಂದರೆ ಕೋಣೆಯ ಉದ್ದಗಲ ಬೇಕು, ದಿನಕ್ಕೆ ಎಷ್ಟು ಬೀಜ ಪುಡಿಯಾಗುತ್ತದೆ ಎಂಬುದು ಬೇಕು, ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಬೇಕು. ಜೊತೆಗೆ ಐವತ್ತು ಕಿಲೋ ಮೂಟೆಯನ್ನು ಹೊತ್ತು ತಂದ ಆ ಮನುಷ್ಯ ಆ ಗಳಿಗೆಯಲ್ಲಿ ಮೂಗಿನಿಂದ ಉಸಿರಾಡುತ್ತಿದ್ದಾನೆಯೇ, ಬಾಯಿಯಿಂದಲೇ ಎಂಬುದೂ ಬೇಕು.